‘ಮನಸಿಗೆ ಹಚ್ಚಿಕೊಂಡಾನ’: ಕಡೇಚೂರು ಸೀಮೆಯ ಹರೆಯ, ಮನೆ ಮತ್ತು ದಾಖಲೆ

ಪತ್ರಿಕೆಗಳ ಜಿಲ್ಲಾ ಪುಟದ ಮೂಲೆಯಲ್ಲಿ ಬರುವ ನಾಲ್ಕು ಸಾಲಿನ ಸಾವಿನ ಸುದ್ದಿಗೆ ಕನ್ನಡದಲ್ಲಿ ಒಂದು ಸಿದ್ಧ ಶೈಲಿ ಬೆಳೆದುಬಿಟ್ಟಿದೆ. ‘ಹೊಟ್ಟೆನೋವು ತಾಳಲಾರದೆ’, ‘ಜೀವನದಲ್ಲಿ ಜಿಗುಪ್ಸೆಗೊಂಡು’, ‘ಮನನೊಂದು’. ಈ ಮಾತುಗಳು ವರದಿಗಾರನವಲ್ಲ. ಠಾಣೆಯಲ್ಲಿ ಬರೆದುಕೊಂಡ ದೂರಿನಿಂದ ಹಾಗೆಯೇ ಇಳಿದು ಬಂದವು. ದೂರು ಕೊಟ್ಟವರು ಸಾಮಾನ್ಯವಾಗಿ ತಂದೆ, ಅಣ್ಣ, ಗಂಡ ಇಲ್ಲವೇ ಮಾವ. ಯಾದಗಿರಿ ಸೀಮೆಯ ದೂರುಗಳಲ್ಲಿ ಕೊನೆಯ ಸಾಲೂ ಸಿದ್ಧವಾದುದೇ: ಸತ್ತವರ ಮರಣದಲ್ಲಿ ಯಾರ ಮೇಲೂ ಯಾವುದೇ ಸಂಶಯ ವಗೈರೆ ಇರುವುದಿಲ್ಲ. ಅಲ್ಲಿಗೆ ಕಡತ ಮುಚ್ಚುತ್ತದೆ. ಹದಿನೇಳರ ಹುಡುಗನ ಮನೆಯಲ್ಲಿ ಆ ತಿಂಗಳು ಯಾರಿದ್ದರು, ಯಾರು ಇರಲಿಲ್ಲ ಎಂಬ ಪ್ರಶ್ನೆಗೆ ಆ ನಮೂನೆಯಲ್ಲಿ ಜಾಗವಿಲ್ಲ.

ಈ ಲೇಖನದ ವಾದ ಆ ಖಾಲಿ ಜಾಗದಿಂದ ಹೊರಡುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದೇಶದಾದ್ಯಂತ ಎಣಿಸಿದ 1,70,924 ಆತ್ಮಹತ್ಯೆಗಳಲ್ಲಿ ಶೇ. 31.7ರಷ್ಟನ್ನು ‘ಕೌಟುಂಬಿಕ ಸಮಸ್ಯೆ’ ಎಂಬ ಒಂದೇ ಕಲಮಿಗೆ ಹಾಕಿದೆ. ಕಾರಣಗಳ ಪಟ್ಟಿಯಲ್ಲಿ ಅದೇ ಮೊದಲನೆಯದು. ಕಲಮಿನ ಹೆಸರು ಕೇಳಿದರೆ ಕುಟುಂಬವೆಂಬುದು ಇತ್ತು, ಅದು ಹುಡುಗರನ್ನು ಹಿಂಡಿತು ಎಂಬ ಚಿತ್ರ ಮೂಡುತ್ತದೆ. ಯಾದಗಿರಿ ಜಿಲ್ಲೆಯ ಕಡೇಚೂರಿನಂಥ ಊರುಗಳಲ್ಲಿ ಎಷ್ಟೋ ಸಲ ಸಂಕಟ ಇದಕ್ಕೆ ತಿರುವುಮುರುವಾಗಿದೆ. ಹಿಂಡಲಿಕ್ಕಾಗಲಿ ಹಿಡಿದುಕೊಳ್ಳಲಿಕ್ಕಾಗಲಿ ಮನೆಯಲ್ಲಿ ಜನರೇ ಇರುವುದಿಲ್ಲ.

ಯಾದಗಿರಿ 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಶಹಾಪುರ, ಸುರಪುರದ ಹೊಲಗಳಿಗೆ ನಾರಾಯಣಪುರದ ಎಡದಂಡೆ ಕಾಲುವೆ ಬಂದು ಭತ್ತ, ಮೆಣಸಿನಕಾಯಿ ಏರಿದವು. ಸೈದಾಪುರ ಸ್ಟೇಷನ್ನಿನ ಆಚೀಚೆಯ ಕಡೇಚೂರು, ಬಾಡಿಯಾಳ ಕಡೆ ಮಳೆ ನಂಬಿದ ತೊಗರಿ, ಹತ್ತಿ, ಜೋಳವೇ ಬಹುಪಾಲು. ಸುಗ್ಗಿ ಮುಗಿದರೆ ಗುಳೆ. ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಗಂಡ ಹೆಂಡತಿ ಜೋಡಿಯಾಗಿಯೇ ಹೋಗುತ್ತಾರೆ. ಕೂಸು ಸಣ್ಣದಿದ್ದರೆ ಜೊತೆಗೆ. ಶಾಲೆಗೆ ಹೋಗುವ ಮಕ್ಕಳು ಅಜ್ಜ ಅಜ್ಜಿಯರ ಹತ್ತಿರ, ಇಲ್ಲವೇ ಹಾಸ್ಟೆಲಿನಲ್ಲಿ. ಹತ್ತಿ ಬಿಡಿಸುವ ಕಾಲಕ್ಕೆ ಹುಡುಗಿಯರ ಹಾಜರಿ ಇಳಿಯುತ್ತದೆ. ಒಲೆ, ನೀರು, ತಮ್ಮಂದಿರ ಊಟ ಹದಿನಾಲ್ಕರ ಹಿರಿಮಗಳ ಪಾಲಿಗೆ ಬರುತ್ತವೆ. ಅವಳು ಆ ಮನೆಯ ತಾಯಿ. ಆದರೆ ತಾಯಿಯ ಮಾತಿಗೆ ಇರುವ ತೂಕ ಅವಳ ಮಾತಿಗಿಲ್ಲ.

ಇದರ ಮೇಲೆ ಜಮೀನಿನ ಕಥೆ ಬಂದು ಕೂತಿತು. 2011–12ರ ಸುಮಾರಿಗೆ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆಂದು ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಹೋಯಿತು. ರೈಲ್ವೆಯ ಬೋಗಿ ಕಾರ್ಖಾನೆ ಬಂತು, ಔಷಧ ಮತ್ತು ರಾಸಾಯನಿಕ ಘಟಕಗಳು ಬಂದವು, ಅವುಗಳ ಹಿಂದೆಯೇ ದುರ್ವಾಸನೆಯ ದೂರುಗಳೂ ಬಂದವು. ಪರಿಸರದ ಚರ್ಚೆ ನಡೆದಿದೆ, ನಡೆಯಬೇಕಾದದ್ದೇ. ನನ್ನ ಗಮನ ಬೇರೆ ಕಡೆಗಿದೆ. ಹೊಲವಿದ್ದಾಗ ಓದು ಬಿಟ್ಟ ಮಗನಿಗೂ ಮನೆಯಲ್ಲಿ ಒಂದು ಸ್ಥಾನವಿತ್ತು: ಎತ್ತು ಅವನವು, ಕುಂಟಿ ಅವನದು, ಅಪ್ಪನ ಹಿಂದೆ ನಡೆಯುವ ಸಾಲು ಅವನದು. ಹೊಲ ಹೋಗಿ ಪರಿಹಾರದ ಹಣ ಬಂದಾಗ ಆ ಸ್ಥಾನ ಕರಗಿತು. ಭೂಮಿ ಕೊಟ್ಟ ಮನೆಗೆ ನೌಕರಿ ಎಂಬ ನಿರೀಕ್ಷೆಗೆ ಒಂದು ಸರ್ಟಿಫಿಕೇಟು ಬೇಕಾಯಿತು, ಸರ್ಟಿಫಿಕೇಟಿಗೆ ಹತ್ತನೆಯ ಇಯತ್ತೆ ದಾಟಬೇಕಾಯಿತು. ಅಪ್ಪ ಎಂದೂ ಬರೆಯದ ಪರೀಕ್ಷೆಯೊಂದು ಮಗನ ಯೋಗ್ಯತೆಯನ್ನು ಅಳೆಯತೊಡಗಿತು.

ಆ ಅಳತೆ ಎಷ್ಟು ಗಟ್ಟಿ ಎಂಬುದಕ್ಕೆ ಎರಡು ವರ್ಷದ ಫಲಿತಾಂಶ ಸಾಕು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಶೇ. 75.49 ಪಡೆದು ಕೊನೆಯ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಜಿಲ್ಲೆಯ ಫಲಿತಾಂಶ ಶೇ. 50.59ಕ್ಕೆ ಇಳಿಯಿತು, ಸ್ಥಾನ ಮತ್ತೆ ಕೊನೆಯದೇ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಕುಸಿಯಲಿಲ್ಲ. ವರ್ಷಾನುಗಟ್ಟಲೆ ಶಾಲೆ ಕಲಿಸದೆ ಬಿಟ್ಟದ್ದು ಒಂದು ದಿನ ಬೆಳಕಿಗೆ ಬಂತು, ಬಂದದ್ದು ಮಾತ್ರ ಮಕ್ಕಳ ಹೆಸರಿನಲ್ಲಿ. ಮನೆಯವರ ಬಾಯಲ್ಲಿ ಅದು ‘ನಪಾಸಾದ’ ಎಂಬ ಒಂದು ಪದ. ಅದೇ ವರ್ಷ ಮೂರು ಪರೀಕ್ಷೆಗಳ ಪದ್ಧತಿಯೂ ಜಾರಿಗೆ ಬಂತು. ಮೊದಲನೆಯದರಲ್ಲಿ ಬಿದ್ದವರಿಗೆ ಅದೇ ವರ್ಷ ಇನ್ನೆರಡು ಅವಕಾಶ ಸಿಕ್ಕವು. ಮಾನಸಿಕ ಆರೋಗ್ಯದ ದೃಷ್ಟಿಯಿಂದ ಇದು ಎಷ್ಟೋ ಭಾಷಣಗಳಿಗಿಂತ ದೊಡ್ಡ ಕೆಲಸ. ಆದರೆ ಮಂಡಳಿಯ ಸುತ್ತೋಲೆ ಪುಣೆಯ ಶೆಡ್ಡಿನಲ್ಲಿರುವ ತಂದೆಗೆ ತಲುಪುವುದಿಲ್ಲ. ನಪಾಸಿನ ಸುದ್ದಿ ಮಧ್ಯಾಹ್ನದೊಳಗೆ ತಲುಪಿರುತ್ತದೆ.

ಇನ್ನು ಸಂಕಟದ ಭಾಷೆ. ಈ ಸೀಮೆಯಲ್ಲಿ ‘ಖಿನ್ನತೆ’ ಎಂಬ ಪದ ಆಸ್ಪತ್ರೆಯ ಗೋಡೆಯ ಮೇಲಿದೆ, ನಾಲಿಗೆಯ ಮೇಲಿಲ್ಲ. ನಾಲಿಗೆಯ ಮೇಲಿರುವುದು ‘ಬ್ಯಾಸರಾಗ್ಯಾದ’, ‘ಎದಿ ಡವಡವ ಅಂತದ’, ‘ತಲಿ ಕೆಟ್ಟಾದ’, ‘ಗಾಳಿ ಸೋಕ್ಯಾದ’. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ‘ಮನಸಿಗೆ ಹಚ್ಚಿಕೊಂಡಾನ’. ಯಾರೋ ಆಡಿದ ಮಾತು, ಆದ ಅವಮಾನ ಹೊರಗಿನದು. ಅದನ್ನು ಒಳಗೆ ಅಂಟಿಸಿಕೊಂಡವನು ಇವನು. ಈ ಮಾತಿನಲ್ಲಿ ಕರುಣೆಯೂ ಇದೆ, ಸಣ್ಣ ಆರೋಪವೂ ಇದೆ. ಹಚ್ಚಿಕೊಳ್ಳದೆ ಇರಬಹುದಿತ್ತಲ್ಲ ಎಂಬ ಧ್ವನಿ. ‘ಬ್ಯಾಸರ’ವನ್ನೂ ಬೆಂಗಳೂರಿನ ಬೇಸರವೆಂದು ಓದಿದರೆ ಕೆಟ್ಟಿತು. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಯಾರೊಡನೆಯೂ ಮಾತು ಬೇಡ, ಇದ್ದರೂ ಒಂದೇ ಹೋದರೂ ಒಂದೇ ಎಂಬಷ್ಟು ದೂರ ಆ ಪದ ಹೋಗಬಲ್ಲದು. ತಿಂಗಳುಗಟ್ಟಲೆಯ ಹೊಟ್ಟೆನೋವೂ ಅದೇ ಭಾಷೆಯ ಮಾತಾಗಿರಬಹುದು. ಠಾಣೆಯ ಬರಹಗಾರ ಸುಳ್ಳು ಬರೆದನೆನ್ನಲಾಗದು. ದೇಹ ಆಡಿದ್ದನ್ನಷ್ಟೇ ಬರೆದು ನಿಲ್ಲಿಸಿದ. ಹರೆಯದವರು ತಮಗೆ ತಾವೇ ನೋವು ಮಾಡಿಕೊಂಡಾಗ ಅದು ‘ಹುಚ್ಚಾಟ’ ಅಥವಾ ‘ಅಂಜಿಸಾಕತ್ತಾನ’. ಸಾಯುವ ಇಚ್ಛೆ ಇಲ್ಲದೆಯೂ, ತಾಳಲಾಗದ ಭಾವವನ್ನು ಹೇಗೋ ತಾಳಿಕೊಳ್ಳಲು ಹಾಗೆ ಮಾಡುವವರಿದ್ದಾರೆ. ಆದರೆ ಮುಂದಿನ ಅಪಾಯದ ಬಲವಾದ ಮುನ್ಸೂಚನೆಗಳಲ್ಲಿ ಇದೂ ಒಂದು.

ದಾಖಲೆ ಯಾರದು ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. 1858ರಲ್ಲಿ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ ಇಪ್ಪತ್ತರ ಹರೆಯದಲ್ಲೇ ಸೆರೆಯಲ್ಲಿ ತೀರಿಕೊಂಡ. ಅವನನ್ನು ಬಾಲ್ಯದಿಂದ ಕಂಡಿದ್ದ, ಅವನಿಂದ ‘ಅಪ್ಪಾ’ ಎಂದು ಕರೆಸಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಅದನ್ನು ಅವನದೇ ಕೈಯಿಂದಾದ ಸಾವೆಂದ. ಸುರಪುರ ಹಾಗೆ ನಂಬಲಿಲ್ಲ. ಎರಡರಲ್ಲಿ ಯಾವುದು ಸರಿ ಎಂದು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಸತ್ತವನ ಕಡೆಯ ಮಾತು ಬರೆದವನ ಕೈಯಲ್ಲಿ ಉಳಿಯುತ್ತದೆ, ಅಷ್ಟೇ.

ಕಾನೂನು ಒಂದು ಕಡೆ ಮಾತ್ರ ಮನೆಯೊಳಗೆ ಇಣುಕುತ್ತದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ತೀರಿಕೊಂಡರೆ ವಿಶೇಷ ವಿಚಾರಣೆ ನಡೆಯುತ್ತದೆ, ತಹಶೀಲ್ದಾರರು ಪಂಚನಾಮೆಗೆ ಬರುತ್ತಾರೆ. ವರದಕ್ಷಿಣೆಯ ಕಾರಣಕ್ಕೆ ಹುಟ್ಟಿದ ಈ ಕ್ರಮ ಮನೆಯಲ್ಲಿ ಯಾರಿದ್ದರು, ಹೇಗಿದ್ದರು ಎಂದು ಕೇಳುತ್ತದೆ. ಮದುವೆಯಾಗದ ಹುಡುಗಿಗೆ, ಹಾಸ್ಟೆಲಿನ ಹುಡುಗನಿಗೆ ಅಷ್ಟು ವಿವರವಾದ ಪ್ರಶ್ನೆ ಇಲ್ಲ. ಬದುಕುಳಿದವರ ವಿಷಯದಲ್ಲಿ ಮಾತ್ರ ದೊಡ್ಡ ಬದಲಾವಣೆ ಆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆಂದಿತು. ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 309ನೇ ಕಲಂ 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಉಳಿಯಲಿಲ್ಲ. ಆದರೂ ‘ಕೇಸ್ ಆಗ್ತದ’ ಎಂಬ ಅಂಜಿಕೆಗೆ ಮನೆಯವರು ಆಸ್ಪತ್ರೆಯಲ್ಲಿ ಬೇರೇನೋ ಕಾರಣ ಹೇಳುತ್ತಾರೆ, ಚಿಕಿತ್ಸೆ ಅಲ್ಲಿಂದಲೇ ದಾರಿ ತಪ್ಪುತ್ತದೆ.

ಸೇವೆಯ ಚರಿತ್ರೆಯಲ್ಲಿ ಒಂದು ವ್ಯಂಗ್ಯವಿದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದು ಇದೇ ಕಲ್ಯಾಣ ಕರ್ನಾಟಕದಲ್ಲಿ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ತಜ್ಞರಿಲ್ಲದ ಕಡೆ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಅದು ರಾಷ್ಟ್ರೀಯ ಯೋಜನೆಯಾಯಿತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ತೊಂದರೆ ಇದೆಯೆಂದಿತು. ಪೂರ್ವಪ್ರಯೋಗ ಕೋಲಾರದಲ್ಲಿ ನಡೆದಿದ್ದರೂ, ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಇಂದು ತಾಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ಮನೋಚೈತನ್ಯದ ಮಂಗಳವಾರ ಇದೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ, ಜಿಲ್ಲಾ ಕೇಂದ್ರದಲ್ಲಿ ಯುವ ಸ್ಪಂದನ ಇದೆ. ಕಡೇಚೂರಿನಿಂದ ಯಾದಗಿರಿಗೆ ಹೋಗಿ ಬರಲು ಅಜ್ಜಿಗೆ ಒಂದು ದಿನದ ಕೂಲಿ ಮತ್ತು ನೆರೆಯವರಿಗೆ ಹೇಳಲೊಂದು ನೆಪ ಬೇಕು.

ಆದ್ದರಿಂದ ತರಬೇತಿಯ ಮೊದಲ ಹಕ್ಕುದಾರರು ಆಶಾ ಕಾರ್ಯಕರ್ತೆ, ಹಾಸ್ಟೆಲ್ ವಾರ್ಡನ್ ಮತ್ತು ಆ ಅಜ್ಜಿ ಎಂಬುದು ನನ್ನ ಅಭಿಪ್ರಾಯ. ಕಲಿಸಬೇಕಾದದ್ದು ಬಹಳವಿಲ್ಲ. ‘ಸಾಯೋ ವಿಚಾರ ಬರ್ತದೇನು?’ ಎಂದು ನೇರವಾಗಿ ಕೇಳಿದರೆ ಇಲ್ಲದ್ದನ್ನು ನೆನಪು ಮಾಡಿಕೊಟ್ಟಂತಾಗುತ್ತದೆ ಎಂಬ ಭಯ ಎಲ್ಲೆಡೆ ಇದೆ. ಸಂಶೋಧನೆಗಳು ಅದನ್ನು ಅಲ್ಲಗಳೆದಿವೆ, ಕೇಳಿಸಿಕೊಂಡವರಿಗೆ ಹಗುರಾಗುವುದೇ ಹೆಚ್ಚು. ಎರಡನೆಯದು, ಬೆಳೆಗೆ ಹೊಡೆಯುವ ‘ಎಣ್ಣಿ’ ಮನೆಯೊಳಗೆ ಇರಕೂಡದು, ಇದ್ದರೆ ಬೀಗದೊಳಗಿರಬೇಕು. ಅತಿ ವಿಷಕಾರಿ ಕೃಷಿ ರಾಸಾಯನಿಕಗಳನ್ನು ಹಂತಹಂತವಾಗಿ ನಿಷೇಧಿಸಿದ ಶ್ರೀಲಂಕಾದಲ್ಲಿ ಆತ್ಮಹತ್ಯೆಯ ಪ್ರಮಾಣ ಎರಡು ದಶಕಗಳಲ್ಲಿ ಸುಮಾರು ಶೇ. 70ರಷ್ಟು ಇಳಿಯಿತು. ಹತಾಶೆಯ ತೀವ್ರ ಗಳಿಗೆ ಬಹಳ ಸಲ ದಾಟಿಹೋಗುವಂಥದು, ದಾಟುವವರೆಗೆ ಕೈಗೆ ಏನೂ ಸಿಗಬಾರದು.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ಆದರೆ ಗುಳೆ ಹೋದ ಮನೆಯಲ್ಲಿ ಫೋನು ಒಂದೇ, ಬಹುತೇಕ ಅಣ್ಣನ ಕಿಸೆಯಲ್ಲಿ. ರಾತ್ರಿ ಪುಣೆಯಿಂದ ಕರೆ ಬಂದಾಗ ಅದು ತಂಗಿಯ ಕೈಗೆ ಎರಡು ನಿಮಿಷ ಬರುತ್ತದೆ. ‘ಉಂಡಿಯೇನು? ಸಾಲಿಗಿ ಹೋಗಿದ್ದೇನು? ರೊಕ್ಕ ಮುಟ್ಯಾವೇನು?’ ಮೂರಕ್ಕೂ ಅವಳು ಹೂಂ ಅನ್ನುತ್ತಾಳೆ. ಅಷ್ಟರಲ್ಲಿ ತಮ್ಮ ಕೈ ಚಾಚಿರುತ್ತಾನೆ.