ಹೊಳೆಗೆ ಬಂದ ಶಾರ್ಕ್

ಹೆಸರಿನಲ್ಲಿ ಮಾನ್ಮತ್ ಇದ್ದರೂ ನಾನು ವಾಸಿಸುವ ಮಾನ್ಮತ್ ಜಂಕ್ಷನ್ ಸೇರಿರುವುದು ಮಿಡಲ್‌ಸೆಕ್ಸ್ ಕೌಂಟಿಗೆ. ಮಾನ್ಮತ್ ಕೌಂಟಿಯ ಮ್ಯಾಟವಾನ್ ಪಟ್ಟಣ ಇಲ್ಲಿಂದ ಪೂರ್ವಕ್ಕೆ, ನೇರ ದೂರದಲ್ಲಿ 30 ಕಿ.ಮೀ.ಗಿಂತ ಕಡಿಮೆ. ಅಲ್ಲಿನ ಕಿರುಹೊಳೆಯೊಂದು ರಾರಿಟನ್ ಕೊಲ್ಲಿಯನ್ನು ಸೇರುತ್ತದೆ. ನದಿಗೂ ಕಡಲಿಗೂ ನಡುವಿನ ಗಡಿ ಎಲ್ಲಿದೆ ಎಂಬ ಪ್ರಶ್ನೆಯನ್ನು 1916ರಲ್ಲಿ ಈ ಹೊಳೆ ಅತ್ಯಂತ ಕ್ರೂರವಾಗಿ ಎತ್ತಿತು.

ಆ ವರ್ಷದ ಜುಲೈ 1ರಂದು ಬೀಚ್ ಹೇವನ್‌ನಲ್ಲಿ, 6ರಂದು ಸ್ಪ್ರಿಂಗ್ ಲೇಕ್‌ನಲ್ಲಿ ಈಜುಗಾರರಿಬ್ಬರು ಶಾರ್ಕಿಗೆ ಬಲಿಯಾಗಿದ್ದರು. ಇವೆರಡೂ ತೆರೆದ ಕಡಲತೀರಗಳು. ಜುಲೈ 12ರಂದು ನಿವೃತ್ತ ನಾವಿಕ ಥಾಮಸ್ ಕಾಟ್ರೆಲ್ ಮ್ಯಾಟವಾನ್ ಹೊಳೆಯಲ್ಲಿ ಶಾರ್ಕನ್ನು ಕಂಡು ಊರವರನ್ನು ಎಚ್ಚರಿಸಿದರು. ಹೊಳೆಯಲ್ಲಿ ಶಾರ್ಕ್ ಎಂದರೆ ನಂಬುವವರು ಯಾರು? ಅಂದೇ ನೀರಿಗಿಳಿದ 11 ವರ್ಷದ ಲೆಸ್ಟರ್ ಸ್ಟಿಲ್‌ವೆಲ್ ಮೇಲೇಳಲಿಲ್ಲ. ಅವನ ದೇಹವನ್ನು ಹುಡುಕಲು ಧುಮುಕಿದ 24ರ ಹರೆಯದ ಸ್ಟಾನ್ಲಿ ಫಿಶರ್ ತೊಡೆಗೆ ಬಿದ್ದ ಕಡಿತದಿಂದ ಅದೇ ದಿನ ಅಸುನೀಗಿದರು. ಇನ್ನಷ್ಟು ಕೆಳಗೆ ಈಜುತ್ತಿದ್ದ ಜೋಸೆಫ್ ಡನ್ ಎಂಬ ಬಾಲಕ ಗಾಯಗೊಂಡರೂ ಬದುಕಿದ.

ಎರಡು ದಿನಗಳ ಬಳಿಕ ಮೈಕೇಲ್ ಶ್ಲೈಸರ್ ಎಂಬಾತ ರಾರಿಟನ್ ಕೊಲ್ಲಿಯಲ್ಲಿ ಸುಮಾರು ಏಳೂವರೆ ಅಡಿ ಉದ್ದದ ಬಿಳಿ ಶಾರ್ಕನ್ನು ಹಿಡಿದ. ಅದರ ಹೊಟ್ಟೆಯಲ್ಲಿ ಮಾನವ ಅವಶೇಷಗಳು ದೊರೆತವು. ಆಮೇಲೆ ದಾಳಿಗಳು ನಿಂತವು. ಹಲವರ ಪಾಲಿಗೆ ವಿಚಾರಣೆಯೂ ಅಲ್ಲಿಗೇ ಮುಗಿಯಿತು. ಆದರೆ ಹೊಳೆಯ ದಾಳಿಗಳು ಬುಲ್ ಶಾರ್ಕಿನವು ಇರಬಹುದೆಂಬ ವಾದವನ್ನು ಮುಂದೆ ಕೆಲವು ತಜ್ಞರು ಮಂಡಿಸಿದರು. ಚರ್ಚೆ ಇಂದಿಗೂ ಇತ್ಯರ್ಥವಾಗಿಲ್ಲ.

ಈ ವಾದದ ತಿರುಳಿರುವುದು ಉಪ್ಪಿನಲ್ಲಿ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಶಾರ್ಕುಗಳು ರಕ್ತದಲ್ಲಿ ಯೂರಿಯಾವನ್ನು ಉಳಿಸಿಕೊಂಡು ದೇಹದ್ರವದ ಸಾಂದ್ರತೆಯನ್ನು ಕಡಲಿಗೆ ಸರಿದೂಗಿಸಿಕೊಳ್ಳುತ್ತವೆ. ಅಂತಹ ಪ್ರಾಣಿ ಸಿಹಿನೀರಿಗೆ ಬಂದರೆ ನೀರು ದೇಹದೊಳಕ್ಕೆ ನುಗ್ಗುತ್ತದೆ, ಲವಣ ಹೊರಕ್ಕೆ ಸೋರುತ್ತದೆ. ಬುಲ್ ಶಾರ್ಕ್ ಮಾತ್ರ ಯೂರಿಯಾವನ್ನು ತಗ್ಗಿಸಿ, ತೆಳುವಾದ ಮೂತ್ರವನ್ನು ಹೇರಳವಾಗಿ ವಿಸರ್ಜಿಸಿ, ಕಿವಿರುಗಳ ಮೂಲಕ ಲವಣವನ್ನು ಹೀರಿಕೊಂಡು ಬದುಕಬಲ್ಲದು. ಬಿಳಿ ಶಾರ್ಕಿಗೆ ಈ ಶಕ್ತಿಯಿಲ್ಲ. ಹಾಗೆಂದು ಅದನ್ನು ನಿರ್ದೋಷಿ ಎನ್ನಲೂ ಆಗದು: ಮ್ಯಾಟವಾನ್ ಉಬ್ಬರವಿಳಿತದ ಹೊಳೆ, ಹುಣ್ಣಿಮೆಗೆ ಆಗ ಮೂರೇ ದಿನ ಬಾಕಿಯಿತ್ತು. ಉಬ್ಬರದ ಉಪ್ಪುನೀರಿನೊಡನೆ ಬಿಳಿ ಶಾರ್ಕೂ ಸ್ವಲ್ಪ ಹೊತ್ತು ಒಳಬರಬಹುದು.

ಬುಲ್ ಶಾರ್ಕಿನ ಪಯಣ ಅಳಿವೆಗೆ ನಿಲ್ಲುವುದಿಲ್ಲ. 1937ರಲ್ಲಿ ಮಿಸಿಸಿಪ್ಪಿ ನದಿಯಲ್ಲಿ, ಕಡಲಿನಿಂದ 1,800 ಕಿ.ಮೀ.ಗೂ ಹೆಚ್ಚು ಮೇಲಿರುವ ಇಲಿನಾಯ್ ರಾಜ್ಯದ ಆಲ್ಟನ್ ಬಳಿ ಒಂದು ಸಿಕ್ಕಿಬಿದ್ದಿತ್ತು. ನಿಕರಾಗುವ ಸರೋವರದ ಶಾರ್ಕುಗಳನ್ನು ಒಂದು ಕಾಲದಲ್ಲಿ ಪ್ರತ್ಯೇಕ ಪ್ರಭೇದವೆಂದೇ ಬಗೆದಿದ್ದರು. ಅವೂ ಬುಲ್ ಶಾರ್ಕುಗಳೇ; ಸಾನ್ ಹ್ವಾನ್ ನದಿಯ ಮೂಲಕ ಕಡಲಿಗೂ ಸರೋವರಕ್ಕೂ ಓಡಾಡುತ್ತವೆ ಎಂಬುದನ್ನು ಥಾಮಸ್ ಥಾರ್ಸನ್ ಗುರುತುಪಟ್ಟಿ ಕಟ್ಟಿ ಬಿಟ್ಟ ಮೀನುಗಳಿಂದ ತೋರಿಸಿಕೊಟ್ಟರು.

ಕಡಲು ನದಿಯೊಳಗೆ ಬರುತ್ತದೆಂಬ ಸಂಗತಿ ನಮ್ಮ ಕರಾವಳಿಗೆ ಹೊಸತಲ್ಲ. ಅಘನಾಶಿನಿಯ ಅಳಿವೆಯಲ್ಲಿ ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಿನ ನಂತರ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಅಲ್ಲಿ ಗಡಿ ಎಂಬುದು ಗೆರೆಯಲ್ಲ, ಋತುವಿನೊಡನೆ ಸರಿದಾಡುವ ವಲಯ.

ಈ ತಿಳಿವಳಿಕೆ ಮನುಷ್ಯರಿಗಷ್ಟೇ ಬೇಕಾದುದಲ್ಲ. ಗಂಗಾ ಶಾರ್ಕ್ ಎಂಬ ಬೇರೊಂದು ಪ್ರಭೇದವಿದೆ. ನದಿ, ಅಳಿವೆಗಳೇ ಅದರ ಮುಖ್ಯ ನೆಲೆ. ಮೀನುಗಾರಿಕೆಯಿಂದಲೂ ನದಿಗಳ ಅವನತಿಯಿಂದಲೂ ಅದು ಇಂದು ಅಳಿವಿನ ಅಂಚಿನಲ್ಲಿದೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ನೀಡಿದೆ. ಗಂಗೆಯಲ್ಲಿ ನಡೆದ ದಾಳಿಗಳನ್ನು ಬಹುಕಾಲ ಅದರ ತಲೆಗೆ ಕಟ್ಟಲಾಯಿತು. ಅವುಗಳಲ್ಲಿ ಹಲವು ಬುಲ್ ಶಾರ್ಕಿನವೇ ಇರಬಹುದೆಂದು ತಜ್ಞರು ಈಗ ಭಾವಿಸುತ್ತಾರೆ. ಹೊಳೆಯಲ್ಲಿ ಶಾರ್ಕ್ ಇರದೆಂಬ ನಂಬಿಕೆ ಮ್ಯಾಟವಾನಿನಲ್ಲಿ ಎರಡು ಜೀವಗಳನ್ನು ಕೊಂಡಿತು. ಹೊಳೆಯ ಶಾರ್ಕುಗಳೆಲ್ಲ ಒಂದೇ ಎಂಬ ನಂಬಿಕೆಯ ಬೆಲೆಯನ್ನು, ಕಣ್ಣಿಗೆ ಬೀಳುವುದೇ ಅಪರೂಪವಾದ ಈ ಜೀವಿ ತೆರಬೇಕಾದೀತು.