ಕನ್ನಡನಾಡಿನ ಶಾಲೆಗಳಲ್ಲಿ ಮನಶ್ಶಾಸ್ತ್ರ

ಶಾಲೆಗೆ ಬರುವ ಮಕ್ಕಳೆಲ್ಲರೂ ಒಂದೇ ಗತಿಯಲ್ಲಿ ಕಲಿಯಲಾರರೆಂಬುದನ್ನು ಉಪಾಧ್ಯಾಯರು ಎಂದಿನಿಂದಲೂ ಬಲ್ಲರಾದರೂ, ಹಿಂದುಳಿದ ಮಗು ಯಾವ ಕಾರಣದಿಂದ ಹಿಂದುಳಿಯಿತು, ಅದರ ಸಲುವಾಗಿ ಪಾಠವು ಹೇಗೆ ಬದಲಾಗಬೇಕು ಎಂಬ ವಿಚಾರವು ಶಾಸ್ತ್ರದ ರೂಪವನ್ನು ತಳೆದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ ತನ್ನ ಸಹೋದ್ಯೋಗಿ ಸಿಮೋನನೊಡನೆ ಬುದ್ಧಿಮಾಪನ ಪರೀಕ್ಷೆಯನ್ನು ರಚಿಸಿದುದು ವಿಶೇಷ ಬೋಧನೆಯು ಯಾವ ಮಕ್ಕಳಿಗೆ ಅವಶ್ಯವೆಂದು ತಿಳಿಯುವುದಕ್ಕಾಗಿ. 1913ರಲ್ಲಿ ಲಂಡನ್ನಿನ ಕೌಂಟಿ ಕೌನ್ಸಿಲು ಸಿರಿಲ್ ಬರ್ಟನನ್ನು ಶಾಲಾ ಮನಶ್ಶಾಸ್ತ್ರಜ್ಞನನ್ನಾಗಿ ನೇಮಿಸಿದುದೂ ಅದೇ ಉದ್ದೇಶದಿಂದ. ಅಳತೆಯು ಬೋಧನೆಗಾಗಿ ಎಂಬ ಈ ಮೂಲಭಾವನೆಯನ್ನು ನಾವು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದೇವೆಂಬುದು ವಿಚಾರಣೀಯ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರನ್ನು ನಾಡು ಮೈಸೂರಿನ ಆಕಾಶವಾಣಿಯ ಸ್ಥಾಪಕರೆಂದೇ ಹೆಚ್ಚಾಗಿ ಸ್ಮರಿಸುತ್ತದೆ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಅವರು ಈ ಶಾಸ್ತ್ರಕ್ಕೆ ಇಲ್ಲಿ ನೆಲೆಯನ್ನೊದಗಿಸಿದರೆಂಬುದು ಅದಕ್ಕಿಂತ ಕಡಮೆಯ ಉಪಕಾರವಲ್ಲ. ಅತ್ತ ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ಕನ್ನಡ, ಮರಾಠಿಗಳಿಗೆ ಒಗ್ಗಿಸಿ, ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ತಮ್ಮ ಗ್ರಂಥವನ್ನು 1940ರಲ್ಲಿ ಪ್ರಕಟಿಸಿದರು. ಮಗುವಿನ ಮನೆಮಾತಿನಲ್ಲಿ ಪ್ರಶ್ನಿಸದೆ ಅದರ ಬುದ್ಧಿಯನ್ನು ಅಳೆಯಲಾಗದೆಂಬ ತತ್ತ್ವವು ಆ ಕಾರ್ಯದಿಂದ ಇಲ್ಲಿ ಪ್ರತಿಷ್ಠಿತವಾಯಿತು.

ಅನಂತರದ ಕಾಲವು ಚಿಕಿತ್ಸಾಲಯಗಳದು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. 1965ರಲ್ಲಿ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆಯು ತಲೆಯೆತ್ತಿತು. ಇಂಥಲ್ಲಿ ಮಗುವಿನ ಮುಂದೆ ಸೆಗ್ವಿನ್ ಹಲಗೆಯನ್ನಿಟ್ಟು, ವೃತ್ತ, ತ್ರಿಕೋಣ, ನಕ್ಷತ್ರ ಮೊದಲಾದ ಹತ್ತು ಮರದ ಆಕೃತಿಗಳನ್ನು ಅವುಗಳ ಕುಳಿಗಳಲ್ಲಿ ಕೂಡಿಸಲು ಹೇಳಿ, ಹಿಡಿದ ಕಾಲವನ್ನು ಗಡಿಯಾರದಲ್ಲಿ ನೋಡುತ್ತಾರೆ. ಮಾತು ಬಾರದ ಮಗುವೂ ಕೈಯಿಂದ ಉತ್ತರ ಕೊಡಬಲ್ಲುದು. ಆದರೆ ಮಂಡ್ಯದ ಗುತ್ತಲಿನಿಂದಲೋ ಮಳವಳ್ಳಿಯ ಹಳ್ಳಿಯಿಂದಲೋ ಮಗುವನ್ನು ಮೈಸೂರಿಗೆ ಕರೆದೊಯ್ದ ತಾಯಿತಂದೆಗಳ ಕೈಗೆ ಬರುವ ವರದಿಯು ಇಂಗ್ಲಿಷಿನಲ್ಲಿದ್ದು, ತರಗತಿಯ ಮೇಷ್ಟರಿಗೆ ನಾಳೆ ಏನು ಮಾಡಬೇಕೆಂಬುದನ್ನು ತಿಳಿಸದಿದ್ದರೆ, ಅಷ್ಟು ಶ್ರಮವೂ ಅರ್ಧದಲ್ಲೇ ನಿಂತಂತೆ. ಈ ಕೊರತೆಯನ್ನು ಮನಗಂಡವರಲ್ಲಿ ನಿಮ್ಹಾನ್ಸಿನ ಮಾಳವಿಕಾ ಕಪೂರ್ ಅಗ್ರಗಣ್ಯರು. ಮಕ್ಕಳ ತೊಂದರೆಗಳನ್ನು ಗುರುತಿಸಲು ಉಪಾಧ್ಯಾಯರನ್ನೇ ಸಿದ್ಧಪಡಿಸುವ ಕಾರ್ಯವನ್ನು ಅವರು ಕೈಗೊಂಡರು.

ನನ್ನ ದೃಷ್ಟಿಯಲ್ಲಿ ಈ ಶಾಸ್ತ್ರವು ನಿಜವಾಗಿ ಕನ್ನಡದ್ದಾದುದು ಓದಿನ ತೊಡಕನ್ನು ಕುರಿತ ಸಂಶೋಧನೆಯಿಂದ. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿಗೆ ಹುಟ್ಟಿದ ಮಾನದಂಡವು, ಗುಣಿತ ಒತ್ತುಗಳಿಂದ ನೂರಾರು ರೂಪಗಳನ್ನು ತಾಳುವ ನಮ್ಮ ಲಿಪಿಗೆ ಹೊಂದದು. ಮೈಸೂರಿನ ಪ್ರಕಾಶ್ ಪಡಕಣ್ಣಾಯ ಮೊದಲಾದವರು ಕನ್ನಡದ ಓದನ್ನು ಅದರ ಲಿಪಿಯ ಮೇಲಿಂದಲೇ ಪರಿಶೀಲಿಸಿದರು. ಕನ್ನಡದ ಅಕ್ಷರಜ್ಞಾನವು ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆಂದು ಸೊನಾಲಿ ನಾಗ್ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೋರಿಸಿದರು. ಎರಡನೆಯ ತರಗತಿಯ ಮಗು 'ಕೊಕ್ಕರೆ'ಯನ್ನು 'ಕೊಕರೆ' ಎಂದು ಓದಿದರೆ ಕಂಗೆಡಬೇಕಾದುದಿಲ್ಲ. ಐದನೆಯ ತರಗತಿಯಲ್ಲಿಯೂ ಒತ್ತುಗಳೆಲ್ಲ ಜಾರಿಹೋಗುತ್ತಿದ್ದು, ಮೌಖಿಕವಾಗಿ ಚುರುಕಾದ ಮಗು ಪುಸ್ತಕದ ಮುಂದೆ ಮೌನ ತಾಳಿದರೆ ಆಗ ಪರೀಕ್ಷೆ ಅವಶ್ಯ. 'ಬರುತ್ತೇನೆ' ಎಂಬೆಡೆ 'ಬತ್ತೀನಿ' ಎಂದು ಬರೆಯುವುದು ಮಂಡ್ಯದ ಆಡುಮಾತೇ ಹೊರತು ದೋಷವಲ್ಲ. ಆ ಮಾತನ್ನು ಬಲ್ಲ ಪರೀಕ್ಷಕನಿಗೆ ಮಾತ್ರ ಈ ಭೇದ ಗೋಚರಿಸೀತು.

ಕಾನೂನು ತಡವಾಗಿಯಾದರೂ ಜತೆಗೂಡಿತು. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೇ ಸೇರಿಸುವ ಕೇಂದ್ರದ ಯೋಜನೆ 1974ರದು. ಅಂಗವಿಕಲರನ್ನು ಕುರಿತ 1995ರ ಅಧಿನಿಯಮದಲ್ಲಿ ಎಣಿಕೆಗೆ ಬಾರದಿದ್ದ ಕಲಿಕಾ ನ್ಯೂನತೆಯು 2016ರ ಅಧಿನಿಯಮದ ಇಪ್ಪತ್ತೊಂದು ಬಗೆಯ ಅಂಗವೈಕಲ್ಯಗಳಲ್ಲಿ ಸ್ಥಾನ ಪಡೆಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಕಾಲ, ಬರೆದುಕೊಡುವ ಸಹಾಯಕ ಮುಂತಾದ ಸೌಲಭ್ಯಗಳೂ ಒದಗಿವೆ. ಇವುಗಳಿಗೆಲ್ಲ ಪ್ರಮಾಣಪತ್ರವೇ ದ್ವಾರವಾದುದರಿಂದ, ಅಳತೆಯು ಮತ್ತೆ ಪಾಠವನ್ನು ಬಿಟ್ಟು ಕಾಗದಕ್ಕಾಗಿ ನಡೆಯುವ ಭಯ ಉಂಟು.

ಇಂದು ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಸ್ವಂತ ಮನಶ್ಶಾಸ್ತ್ರಜ್ಞರಿಲ್ಲ. ಅವರ ಕೆಲಸದ ಬಹುಭಾಗವನ್ನು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿ.ಆರ್.ಸಿ.) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿ.ಐ.ಇ.ಆರ್.ಟಿ.) ಹೊತ್ತಿದ್ದಾರೆ. ಶಾಲೆಯಿಂದ ಶಾಲೆಗೆ ಅಲೆಯುವುದು, ವೈದ್ಯಕೀಯ ಶಿಬಿರಕ್ಕೆ ಮಕ್ಕಳನ್ನು ಕರೆತರುವುದು, ನಡೆಯಲಾರದ ಮಗುವಿಗೆ ಮನೆಯಲ್ಲೇ ಪಾಠ ಹೇಳುವುದು, ಇವೆಲ್ಲವೂ ಅವರ ಪಾಲಿಗೇ ಬಂದಿವೆ. ಅವರ ಶ್ರದ್ಧೆ ವಂದನೀಯ. ಆದರೆ ಬುದ್ಧಿಮಾಪನವು ಅವರ ಶಿಕ್ಷಣದ ವ್ಯಾಪ್ತಿಗೆ ಮೀರಿದುದು. ಮಂಡ್ಯ, ಮದ್ದೂರು, ಮಳವಳ್ಳಿಗಳ ಬಿ.ಆರ್.ಸಿ.ಗಳಿಗೆ ತಲಾ ಒಬ್ಬ ಮನಶ್ಶಾಸ್ತ್ರಜ್ಞರನ್ನು ಕೊಟ್ಟು, ಅವರು ವಾರಕ್ಕೆರಡು ದಿನವಾದರೂ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಮಗುವನ್ನು ಅದರ ಸ್ಥಾನದಲ್ಲಿಯೇ ಗಮನಿಸುವಂತೆಯೂ, ಬರೆದ ವರದಿಯನ್ನು ಕನ್ನಡದಲ್ಲಿ ಮೇಷ್ಟರಿಗೂ ತಾಯಿತಂದೆಗಳಿಗೂ ಓದಿ ಹೇಳುವಂತೆಯೂ, ಮೂರು ತಿಂಗಳಿಗೊಮ್ಮೆ ಮರಳಿ ಬಂದು ಅದೇ ಮಗುವಿನ ಓದನ್ನು ನೋಡುವಂತೆಯೂ ಏರ್ಪಡಿಸುವುದು ಸರಕಾರದ ಶಕ್ತಿಗೆ ಮೀರಿದುದಲ್ಲ.