ರೆಕ್ಕೆಯ ನೆರಳಿನ ಬಿಡಾರ

ನಾನು ಚಿಕ್ಕವಳಿದ್ದಾಗ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ನಮ್ಮ ಮನೆಯಿಂದ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಎತ್ತುಗಳನ್ನು ಗೂಟಕ್ಕೆ ಕಟ್ಟಿ, ಮುಂದೆ ಹುಲ್ಲು ಹಾಕಿ, ಗಾಡಿಯ ಕೆಳಗೆ ಜಮಖಾನ ಹಾಸಿದರೆ ನಾಲ್ಕು ದಿನಕ್ಕೆ ಅದೇ ನಮ್ಮ ಮನೆ. ಪಕ್ಕದಲ್ಲಿ ಮೂರು ಕಲ್ಲಿಟ್ಟು ಅವ್ವ ಮುದ್ದೆ ತೊಳಸುತ್ತಿದ್ದಳು. ಬಂದವರು ಎತ್ತಿನ ಹಲ್ಲು ನೋಡಿ, ಬೆನ್ನು ತಟ್ಟಿ, ಅಪ್ಪನನ್ನು ಹೊಗಳಿ, ಅವ್ವ ಕೊಟ್ಟ ಮಜ್ಜಿಗೆ ಕುಡಿದು ಮುಂದಿನ ಗಾಡಿಯ ಕಡೆ ಹೋಗುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಆ ಜಾತ್ರೆ ನನಗೆ ನೆನಪಾದದ್ದು ಅಮೆರಿಕದಲ್ಲಿ. 2023ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ರಜೆ ಹಾಕಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ಊರಿಗೆ ಹೋಗಿದ್ದೆ. ಜುಲೈ ಕೊನೆಯ ವಾರ ಮಗಳು, "ಅಮ್ಮ, ನೀನು ಬಂದಾಗಿನಿಂದ ಅಡುಗೆಮನೆ ಬಿಟ್ಟು ಏನೂ ನೋಡಿಲ್ಲ. ಇವರ ಜೊತೆ ಒಂದು ದಿನ ವಿಮಾನದ ಜಾತ್ರೆಗಾದರೂ ಹೋಗಿ ಬಾ" ಎಂದಳು. ಅಳಿಯಂದಿರ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಊರಿನ ಹೆಸರು ಆಶ್‌ಕಾಶ್.

ವಿಮಾನ ಪ್ರದರ್ಶನವೆಂದರೆ ಯಲಹಂಕದ ಹಾಗೆ ಯುದ್ಧವಿಮಾನಗಳು ಸದ್ದು ಮಾಡುವುದು, ನಾವು ಬೇಲಿಯಾಚೆ ನಿಂತು ಕತ್ತೆತ್ತುವುದು ಎಂದುಕೊಂಡಿದ್ದೆ. ಅದೂ ಇತ್ತು ಅನ್ನಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಲ್ದಾಣದ ಹುಲ್ಲುಗಾವಲು. ಎರಡು ಸೀಟಿನ, ನಾಲ್ಕು ಸೀಟಿನ ಪುಟ್ಟ ವಿಮಾನಗಳು ಸಾಲುಸಾಲಾಗಿ ನಿಂತಿವೆ. ಗಾಳಿಗೆ ಹಾರದಂತೆ ಒಂದೊಂದನ್ನೂ ನೆಲಕ್ಕೆ ಗೂಟ ಹೊಡೆದು ಹಗ್ಗದಿಂದ ಬಿಗಿದಿದ್ದಾರೆ. ರೆಕ್ಕೆಯ ಕೆಳಗೆ ಒಂದು ಡೇರೆ, ಮಡಿಸುವ ಕುರ್ಚಿ, ಸಣ್ಣ ಸ್ಟೌವು. ಕಟ್ಟಿದ ಹಗ್ಗದ ಮೇಲೆ ಒಗೆದ ಟವಲ್ಲು. ಸಾಕ್ಷಾತ್ ಘಾಟಿ ಜಾತ್ರೆಯೇ!

ಈ ಜಾತ್ರೆಗೂ ಒಂದು ಚರಿತ್ರೆಯಿದೆ. ಮನೆಯ ಶೆಡ್ಡಿನಲ್ಲಿ ತಾವೇ ವಿಮಾನ ಕಟ್ಟಿಕೊಳ್ಳುವ ಹುಚ್ಚಿನವರು ಒಂದಷ್ಟು ಜನ ಪಾಲ್ ಪೊಬರೆಜ್ನಿ ಎಂಬುವರ ಮುಂದಾಳತ್ವದಲ್ಲಿ 1953ರ ಜನವರಿಯಲ್ಲಿ ಮಿಲ್ವಾಕೀಯಲ್ಲಿ ಒಂದು ಸಂಘ ಮಾಡಿಕೊಂಡರು. ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂದು ಅದರ ಹೆಸರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಡೆದ ಮೊದಲ ಕೂಟಕ್ಕೆ ಹೆಸರು ಬರೆಸಿದವರು ನೂರೈವತ್ತಕ್ಕೂ ಕಡಿಮೆ. ಬಂದ ವಿಮಾನಗಳು ಬೆರಳೆಣಿಕೆಯವು. ಜಾಗ ಸಾಲದೆ 1959ರಲ್ಲಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್‌ಗೆ ಹೋದರು. ಅಲ್ಲಿಯೂ ಸಾಲದೆ 1970ರಲ್ಲಿ ಆಶ್‌ಕಾಶ್‌ಗೆ ಬಂದರು. ಈಗ ಆ ಒಂದು ವಾರದಲ್ಲಿ ಆರು ಲಕ್ಷಕ್ಕೂ ಮೇಲ್ಪಟ್ಟು ಜನ ಸೇರುತ್ತಾರೆ. ಅಲ್ಲಿಗೂ ಸುತ್ತಲಿನ ನಿಲ್ದಾಣಗಳಿಗೂ ಸೇರಿ ಹತ್ತು ಸಾವಿರದಷ್ಟು ವಿಮಾನಗಳು ಬರುತ್ತವೆ.

ಇಷ್ಟು ವಿಮಾನಗಳು ಡಿಕ್ಕಿಯಾಗದೆ ಇಳಿಯುವ ಬಗೆ ಕೇಳಿ. ರಿಪನ್ ಎಂಬ ಊರಿನಿಂದ ರೈಲು ಹಳಿಯ ಮೇಲೆಯೇ, ಒಂದರ ಹಿಂದೆ ಒಂದು, ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗದಲ್ಲಿ ಬರಬೇಕು. ಫಿಸ್ಕ್ ಎಂಬ ಹಳ್ಳಿಯ ಬಳಿ ದುರ್ಬೀನು ಹಿಡಿದು ಕುಳಿತ ಸಿಬ್ಬಂದಿ ಬಣ್ಣ, ಆಕಾರ ನೋಡಿ, "ಕೆಂಪು ವಿಮಾನ, ರೆಕ್ಕೆ ಅಲ್ಲಾಡಿಸು" ಎನ್ನುತ್ತಾರೆ. ಪೈಲಟ್ ಮರುಮಾತಾಡುವಂತಿಲ್ಲ, ರೆಕ್ಕೆ ಅಲ್ಲಾಡಿಸಬೇಕು, ಅಷ್ಟೆ. ತರಗತಿಯಲ್ಲಿ ಅರವತ್ತು ಮಕ್ಕಳ ಹಾಜರಿ ಕೂಗುವ ನನಗೆ ಈ ಪದ್ಧತಿ ಬಹಳ ಹಿಡಿಸಿತು. ರನ್‌ವೇ ಮೇಲೆ ಬಣ್ಣಬಣ್ಣದ ಚುಕ್ಕೆಗಳಿವೆ. ನೀನು ಹಸಿರು ಚುಕ್ಕೆಗೆ, ನೀನು ಕಿತ್ತಳೆ ಚುಕ್ಕೆಗೆ ಎಂದು ಹೇಳಿ ಒಂದೇ ಪಟ್ಟಿಯ ಮೇಲೆ ಒಂದರ ಹಿಂದೆ ಒಂದನ್ನು ಇಳಿಸುತ್ತಾರೆ. ಮಳೆ ಬಂದರೆ ಮಾತ್ರ ನಮ್ಮ ಜಾತ್ರೆಯದೇ ಪಾಡು. 2010ರಲ್ಲಿ ಹುಲ್ಲುಗಾವಲು ಕೆಸರಾಗಿ, ನಿಲ್ಲಿಸಲು ಜಾಗವಿಲ್ಲದೆ ಎಷ್ಟೋ ವಿಮಾನಗಳನ್ನು ಬೇರೆ ನಿಲ್ದಾಣಗಳಿಗೆ ಕಳಿಸಬೇಕಾಯಿತಂತೆ.

ಒಂದು ಡೇರೆಯ ಮುಂದೆ ನನ್ನ ವಯಸ್ಸಿನ ಗಂಡಹೆಂಡತಿ ಕುಳಿತಿದ್ದರು. ಅಯೋವಾ ರಾಜ್ಯದವರು. ಕೂರಿಸಿ ಕಾಫಿ ಕೊಟ್ಟರು. ನಾನು ಆತನ ಕಡೆ ತಿರುಗಿ, "ವಿಮಾನ ನಡೆಸಲು ಯಾವಾಗ ಕಲಿತಿರಿ?" ಎಂದೆ. ಆತ ಮೊಟ್ಟೆ ಮಗುಚುತ್ತಿದ್ದ ಸೌಟಿನಿಂದ ಹೆಂಡತಿಯ ಕಡೆ ತೋರಿಸಿ, "ಅವಳನ್ನು ಕೇಳಿ. ನಾನು ಅಡುಗೆಯವನು" ಎಂದ. ಆಕೆ ಜೋರಾಗಿ ನಕ್ಕಳು. ನಾನೂ ನಕ್ಕೆ, ಆದರೆ ಒಳಗೆ ನಾಚಿಕೆಯಾಯಿತು. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಧೈರ್ಯ ಹೇಳಿದ ಟೀಚರು ನಾನು. ನನ್ನ ಕಣ್ಣೇ ಮೊದಲು ಗಂಡಸಿನ ಕಡೆ ಹೋಗಿತ್ತಲ್ಲ!

ಆಡ್ರಿ ಪೊಬರೆಜ್ನಿಯ ಹೆಸರು ಹೇಳಿದ್ದು ಆಕೆಯೇ. ಆಡ್ರಿ ಪಾಲ್ ಅವರ ಹೆಂಡತಿ. ಸಂಘದ ಮೊದಲ ಕಚೇರಿ ಅವರ ಮನೆಯ ನೆಲಮಾಳಿಗೆ. 1955ರಲ್ಲಿ ಪಾಲ್, 800 ಡಾಲರಿನೊಳಗೆ ಎಂಜಿನ್ನೂ ಸೇರಿ ವಿಮಾನ ಕಟ್ಟಿಕೊಳ್ಳುವುದು ಹೇಗೆಂದು ಒಂದು ಮಾಸಪತ್ರಿಕೆಯಲ್ಲಿ ಲೇಖನಮಾಲೆ ಬರೆದಾಗ ಪತ್ರಗಳು ರಾಶಿರಾಶಿಯಾಗಿ ಬಂದವು. ಸದಸ್ಯರ ಪಟ್ಟಿ, ಟೈಪು, ಪತ್ರವ್ಯವಹಾರ, ಇವುಗಳ ಭಾರ ಹೊತ್ತವಳು ಮನೆ, ಮಕ್ಕಳನ್ನೂ ನೋಡಿಕೊಳ್ಳುತ್ತಿದ್ದ ಆಡ್ರಿ. ಪಾಲ್ 2013ರಲ್ಲಿ, ಆಡ್ರಿ 2020ರಲ್ಲಿ ತೀರಿಕೊಂಡರು. ಸ್ಥಾಪಕರು ಎಂದಾಗ ಮೊದಲು ಬಾಯಿಗೆ ಬರುವ ಹೆಸರು ಪಾಲ್ ಅವರದೇ. ಆ ನೆಲಮಾಳಿಗೆಯ ಕಾಗದಪತ್ರಗಳನ್ನು ಒಬ್ಬಳು ಅಚ್ಚುಕಟ್ಟಾಗಿ ಇಡದಿದ್ದರೆ ಆ ಹುಚ್ಚರ ಗುಂಪು ಎಂದೋ ಚದುರಿಹೋಗುತ್ತಿತ್ತು ಎಂದು ನನಗನ್ನಿಸಿತು.

ಮನೆಗೆ ಬಂದ ಮೇಲೆ ಮಗಳು ಲೈಬ್ರರಿಯಿಂದ ರೈಟ್ ಸಹೋದರರ ಪುಸ್ತಕ ತಂದುಕೊಟ್ಟಳು. 1903ರ ಡಿಸೆಂಬರ್ 17 ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಅವರಿಗೆ ಕ್ಯಾಥರೀನ್ ಎಂಬ ತಂಗಿಯಿದ್ದಳು, ಹೈಸ್ಕೂಲಿನಲ್ಲಿ ಲ್ಯಾಟಿನ್ ಹೇಳಿಕೊಡುತ್ತಿದ್ದಳು, 1908ರಲ್ಲಿ ಆರ್ವಿಲ್ ವಿಮಾನದಿಂದ ಬಿದ್ದು ಗಾಯಗೊಂಡಾಗ ಶಾಲೆ ಬಿಟ್ಟು ಓಡಿದವಳು ಮತ್ತೆ ಪಾಠಕ್ಕೆ ಮರಳಲಿಲ್ಲ ಎಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಈಗ ಆ ಪಾಠದ ದಿನ ಬೋರ್ಡಿನ ಮೇಲೆ ಮೂರು ಹೆಸರು ಬರೆಯುತ್ತೇನೆ.

ಊರಿಗೆ ಮರಳಿದ ಮೇಲೆ ಅವ್ವನನ್ನು ಕೇಳಿದೆ: "ಘಾಟಿ ಜಾತ್ರೆಯಲ್ಲಿ ನಿನಗೇನು ಇಷ್ಟವಾಗ್ತಿತ್ತು?"

ಎಂಬತ್ತು ದಾಟಿದ ಅವ್ವ ಸ್ವಲ್ಪ ಹೊತ್ತು ಯೋಚಿಸಿದಳು. "ಜಾತ್ರೆ ಎಲ್ಲಿ ನೋಡಿದೆನೇ? ನಾನೂ ಹೋಗಿಬಿಟ್ಟಿದ್ದರೆ ಗಾಡಿ ಹತ್ರ ಯಾರಿರಬೇಕಿತ್ತು?"

ಆ ವರ್ಷದ ಜಾತ್ರೆಗೆ ಕಾರು ಮಾಡಿಕೊಂಡು ಅವ್ವನನ್ನು ಕರೆದುಕೊಂಡು ಹೋದೆ. ಕೈಹಿಡಿದು ಸಾಲುಸಾಲು ಎತ್ತುಗಳ ನಡುವೆ ನಡೆಸಿದೆ. ಒಂದು ಜೋಡಿಯ ಮುಂದೆ ನಿಂತು, ಯಾರನ್ನೂ ಕೇಳದೆ ಎತ್ತಿನ ತುಟಿ ಸರಿಸಿ ಹಲ್ಲು ನೋಡಿ, "ಇನ್ನೂ ನಾಲ್ಕು ಹಲ್ಲು" ಎಂದಳು. ಎತ್ತಿನವನು ಬೆರಗಾಗಿ ನೋಡಿದ. ನಾನೂ.